ರುದ್ರಪ್ಪ ಕಾಕಾನ ರಬ್ಬರು

14 ಮೇ 2006, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗೆ ಬರೆಯಲು ಕುಳಿತಿದ್ದೇನೆ.

ರುದ್ರಪ್ಪ ಕಾಕಾ ಯಾವ ಪುಸ್ತಕವನ್ನೂ ಮುಂದಿನಿಂದ ತೆರೆದದ್ದನ್ನು ನಾನು ನೋಡಿಲ್ಲ. ಪುಸ್ತಕ ಕೈಗೆ ಬಂದ ಕೂಡಲೇ ಅದನ್ನು ಬೋರಲು ಹಾಕಿ, ಹಿಂದಿನ ರಟ್ಟು ಎತ್ತಿ, ಹೆಬ್ಬೆರಳಿನಿಂದ ಪುಟಗಳನ್ನು ಹಿಂದಕ್ಕೆ ಸರಿಸುತ್ತ ಬರುತ್ತಿದ್ದರು. ಎಲ್ಲಿ ಮೊದಲ ಪೆನ್ಸಿಲ್ ಗೆರೆ ಕಾಣುವುದೋ ಅಲ್ಲಿ ಬೆರಳು ನಿಲ್ಲುತ್ತಿತ್ತು. ಪುಟದ ಸಂಖ್ಯೆ ನೋಡಿ, ವೈದ್ಯರು ನಾಡಿ ನೋಡಿ ಹೇಳಿದ ಹಾಗೆ ಹೇಳುತ್ತಿದ್ದರು: "ಇಲ್ಲಿಗೆ ಮಾಸ್ತರು ಕೈ ಬಿಟ್ಟಾರ."

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ಅಂಗಡಿ ಅವರದು. ಹಳೆಯ ಪಠ್ಯಪುಸ್ತಕಗಳ ವ್ಯಾಪಾರ. ಊರವರು ಅವರನ್ನು ರದ್ದಿ ರುದ್ರಪ್ಪ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ, ಮೈಸೂರಿನ ಕಡೆಗೆ ಹೋಗಿ ಚೀಲ ತುಂಬಿಕೊಂಡು ಬರುತ್ತಿದ್ದರು. ಅವರ ಕೊರಳಲ್ಲಿ ಲಿಂಗದ ದಾರದ ಜೊತೆಗೆ ಇನ್ನೊಂದು ದಾರ ಇರುತ್ತಿತ್ತು. ಅದರ ತುದಿಗೆ ಒಂದು ಗುಲಾಬಿ ಬಣ್ಣದ ರಬ್ಬರು. ಹುಡುಗರು ಪುಸ್ತಕದಲ್ಲಿ ಬರೆದ ಹಲ್ಕಟ್ ಮಾತುಗಳನ್ನೂ ಬಿಡಿಸಿದ ಮೀಸೆಗಳನ್ನೂ ಅದರಿಂದ ಅಳಿಸುತ್ತಿದ್ದರು. ಗೆರೆಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ಗೆರಿ ಅಳಸಬಾರದು ತಂಗಿ. ಗೆರಿ ಅಂದ್ರ ಸಾಕ್ಷಿ. ಮಾಸ್ತರು ಪಾಠಾ ಮಾಡಿದ್ದಕ್ಕ ಜಗತ್ತಿನಾಗ ಬ್ಯಾರೆ ಸಾಕ್ಷಿ ಇಲ್ಲ."

ಅವರ ತರ್ಕ ಸರಳ. ತರಗತಿಯಲ್ಲಿ ಮಾಸ್ತರರು "ಗೆರೆ ಹಾಕಿಕೊಳ್ಳಿ" ಅನ್ನುತ್ತಾರೆ, ಮಕ್ಕಳು ಹಾಕಿಕೊಳ್ಳುತ್ತಾರೆ. ಪಾಠ ನಿಂತಲ್ಲಿ ಗೆರೆ ನಿಲ್ಲುತ್ತದೆ. ಮೊದಲ ಪುಟದಲ್ಲಿ ಹೆಸರು, ಕ್ಲಾಸು, ಕಾಲೇಜು ಇದ್ದೇ ಇರುತ್ತವೆ. ಇನ್ನೇನು ಬೇಕು? ಬಿ.ಎ.ಗೆ ಎಲ್ಲಿ ಸೇರಬೇಕೆಂದು ಕೇಳಲು ಮೇ, ಜೂನ್ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಜನ ಅವರ ಹತ್ತಿರ ಬರುತ್ತಿದ್ದರು. ಡಾಕ್ಟರು, ಎಂಜಿನಿಯರು ಆಗುವವರಿಗೆ ದಾರಿ ಹೇಳಲು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಬಿ.ಎ. ಓದುವವರಿಗೆ ಇದ್ದದ್ದು ರುದ್ರಪ್ಪ ಕಾಕಾ ಒಬ್ಬರೇ.

ಒಮ್ಮೆ ಚಚಡಿಯಿಂದ ಬಂದ ಒಬ್ಬ ಗೌಡರು ಮಗನನ್ನು ಮುಂದೆ ನಿಲ್ಲಿಸಿ ಕೇಳಿದರು: "ಬಿ.ಎ. ಮಾಡಿದ್ರ ಏನ್ ಸಿಗತೈತ್ರಿ?"

"ಬಿ.ಎ. ಮಾಡಿದ್ರ ಬಿ.ಎ. ಸಿಗತೈತ್ರಿ. ಎಮ್ಮಿ ಕೊಂಡ್ರ ಹಾಲು ಸಿಗತೈತಿ. ನಿಮಗ ಯಾವದು ಬೇಕು ಹೇಳ್ರಿ."

ಗೌಡರು ನಕ್ಕರು. "ಎಮ್ಮಿ ಮನ್ಯಾಗ ನಾಕ್ ಅದಾವ್ರಿ."

"ಹಂಗಾರ ಹುಡುಗನ್ನ ಓದಸ್ರಿ. ಐದನೇ ಎಮ್ಮಿ ಯಾಕ?"

ನಾನು ಪಿ.ಯು.ಸಿ. ಪುಸ್ತಕಗಳನ್ನು ಅವರಲ್ಲಿಯೇ ಕೊಂಡಿದ್ದೆ. ಒಂಬತ್ತನೆಯ ವಯಸ್ಸಿನಿಂದ ದಿನಚರಿ ಬರೆಯುವವಳು ನಾನು. ಏನು ಕಂಡರೂ ಎಣಿಸುವ ಚಾಳಿ. ಅದನ್ನು ನೋಡಿ ಅವರು ನನಗೆ ತಲಾಟಿ ಎಂದು ಹೆಸರಿಟ್ಟಿದ್ದರು. "ಬಂದ್ಳು ನೋಡ್ರಿ ತಲಾಟಿ, ಊರ ಲೆಕ್ಕಾ ಬರಿಯಾಕಿ. ಕುಂಡ್ರು ತಂಗಿ. ಇವತ್ತ ಎಷ್ಟ ಬಸ್ಸು ಬಂದುವು?" ನನ್ನ ಎಣಿಕೆಯನ್ನು ನಗದೆ ಕೇಳಿದ ಮೊದಲ ಮನುಷ್ಯ ಅವರು. ಆ ಕಾರಣಕ್ಕೇ ನಂಬಿದೆ.

1999ರಲ್ಲಿ ನನಗೆ ಹದಿನೇಳು. ಇತಿಹಾಸ ಓದುವ ಆಸೆ. ಧಾರವಾಡದಿಂದಲೂ ಮೈಸೂರಿನಿಂದಲೂ ಪ್ರವೇಶದ ಪತ್ರ ಬಂದಿತ್ತು. ಧಾರವಾಡಕ್ಕಾದರೆ ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಮೈಸೂರಿಗಾದರೆ ಹಾಸ್ಟೆಲು. ನನ್ನ ಮನಸ್ಸು ಮೈಸೂರಿನಲ್ಲಿತ್ತು. ಅಪ್ಪ ಹತ್ತಿ ಪೇಟೆಯ ಅಂಗಡಿಯಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ, ಒಮ್ಮೆಯೂ ಬೇಡ ಅನ್ನಲಿಲ್ಲ. "ನೀ ಶಾಣ್ಯಾಕಿ ಅದಿ. ನೀನs ವಿಚಾರ ಮಾಡು. ನೀ ಎಲ್ಲೆ ಅಂತಿ, ಅಲ್ಲೆ" ಅಂದ. ನಾನು ಆ ಮಾತನ್ನು ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಜೂನ್ 10ರ ಗುರುವಾರ ರುದ್ರಪ್ಪ ಕಾಕಾನ ಅಂಗಡಿಗೆ ಹೋದೆ. ಎರಡೂ ಕಡೆಯ ಇತಿಹಾಸದ ಪುಸ್ತಕ ಮೂರು ಮೂರು ಬೇಕು, ಕಡೆಯ ಗೆರೆ ನೋಡಿ ಲೆಕ್ಕ ಹಾಕುತ್ತೇನೆ ಅಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು.

"ಮೈಸೂರಿನವು ಗಂಟಿನಾಗ ಅದಾವ ತಂಗಿ. ಬಿಚ್ಚಬೇಕು. ಸ್ವಾಮಾರ ಬಾ."

ಸೋಮವಾರ, ಜೂನ್ 14, ಆರೂ ಪುಸ್ತಕ ಸಿದ್ಧವಾಗಿದ್ದವು. ನಾನು ಅವರಿಂದಲೇ ಕಲಿತ ಹಾಗೆ ಹಿಂದಿನಿಂದ ತೆರೆದು ನೋಡಿದೆ. ಧಾರವಾಡದ ಮೂರು ಪುಸ್ತಕಗಳಲ್ಲಿ ಗೆರೆ ನಿಂತದ್ದು 268, 251, 280ನೇ ಪುಟಗಳಿಗೆ. ಮೈಸೂರಿನವುಗಳಲ್ಲಿ 118, 97, 131ಕ್ಕೆ. ಎರಡು ಸಲ ಎಣಿಸಿದೆ. ಮೈಸೂರಿನ ಸಂಖ್ಯೆಗಳನ್ನು ಮೂರನೆಯ ಸಲವೂ ನೋಡಿದೆ. ಆದರೆ ಲೆಕ್ಕ ಲೆಕ್ಕವೇ.

"ಏನಂತೈತಿ ನಿನ್ನ ಲೆಕ್ಕಾ?" ಕಾಕಾ ಕೇಳಿದರು. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಸುತಳಿ ಸುತ್ತುತ್ತಿದ್ದರು.

"ಧಾರವಾಡ ಅಂತೈತ್ರಿ."

"ನಾ ಏನೂ ಹೇಳಿಲ್ಲ ನೋಡು ಮತ್ತ. ನೀನs ನೋಡಿದಿ."

ಏಳುವಾಗ ಮೈಸೂರಿನ ಒಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇಟಗೋ, ಓದಾಕ ಬರತೈತಿ" ಅಂದರು. ಯಾರಿಗೂ ಏನನ್ನೂ ಪುಕ್ಕಟೆ ಕೊಡದ ಮನುಷ್ಯ. ನಾನು ಅದನ್ನು ಪ್ರೀತಿ ಎಂದು ಬರೆದುಕೊಂಡೆ.

ಆಮೇಲಿನ ಮೂರು ವರ್ಷ ಬಸ್ಸಿನಲ್ಲಿ ಹೋದವು. ಕತ್ತಲಾಗುವ ಮೊದಲು ಮನೆಯಲ್ಲಿರಬೇಕು ಎಂಬುದು ಅಪ್ಪನ ಒಂದೇ ಕರಾರು. ಅದಕ್ಕೆ ಧಾರವಾಡದಿಂದ ನಾಲ್ಕು ಹತ್ತರ ಬಸ್ಸು ಹಿಡಿಯಲೇಬೇಕು. ಇತಿಹಾಸದ ಪಾಠ ಕೊನೆಯ ಅವಧಿಗೆ, ಮುಗಿಯುವುದು ನಾಲ್ಕೂವರೆಗೆ. ಮಾಸ್ತರರು ಒಳ್ಳೆಯವರು, ಒಂದು ದಿನವೂ ತಪ್ಪಿಸದವರು. ಅವರು ಹಲಗೆಯ ಕಡೆ ತಿರುಗಿದಾಗ ನಾನು ಹಿಂದಿನ ಬಾಗಿಲಿನಿಂದ ಹೊರಬೀಳುತ್ತಿದ್ದೆ. ಮೊದಲ ಎರಡು ವರ್ಷಗಳಲ್ಲಿ ಹಾಗೆ ಎದ್ದು ಹೋದದ್ದು 211 ಸಲ. ಮೂರನೆಯ ವರ್ಷ ಆ ಅವಧಿಗೆ ಹೋಗುವುದನ್ನೇ ಬಿಟ್ಟೆ.

ಮನೆಗೆ ಯಾರು ಬಂದರೂ ಅಪ್ಪ ಮಾತ್ರ ಹೆಮ್ಮೆಯಿಂದ ಹೇಳುತ್ತಿದ್ದ: "ನಾವೇನ್ ಹೇಳಲಿಲ್ರಿ. ತಾನs ಲೆಕ್ಕಾ ಹಾಕಿದ್ಳು, ತಾನs ಧಾರವಾಡ ಆರಿಸಿದ್ಳು." ಅದನ್ನು ನಾನು ಇಪ್ಪತ್ತಮೂರು ಸಲ ಕೇಳಿ ಬರೆದುಕೊಂಡಿದ್ದೇನೆ. ಆಮೇಲೆ ಎಣಿಸುವುದನ್ನು ಬಿಟ್ಟೆ.

18 ಜನವರಿ 2001, ಗುರುವಾರ. ಬಸ್ಸು ಕಿತ್ತೂರಿನಲ್ಲಿ ನಿಂತಿತ್ತು, ಡ್ರೈವರು ಚಹಾಕ್ಕೆ ಇಳಿದಿದ್ದ. ನಾನು ಎಡಗಡೆಯ ಕಿಟಕಿಯ ಹತ್ತಿರ ಕುಳಿತು ಆ ಮೈಸೂರಿನ ಪುಸ್ತಕ ಓದುತ್ತಿದ್ದೆ. 160ನೇ ಪುಟ. ಇಳಿಬಿಸಿಲು ಅಡ್ಡವಾಗಿ ಬಂದು ಪುಟದ ಮೇಲೆ ಬಿತ್ತು. ಆಗ ಸಾಲುಗಳ ಕೆಳಗೆ ತೆಳ್ಳಗಿನ ಕುಳಿಗಳು ಎದ್ದು ಕಂಡವು. ಪೆನ್ಸಿಲ್ ಒತ್ತಿ ಎಳೆದು, ಆಮೇಲೆ ಅಳಿಸಿದ ಗೆರೆಗಳ ಗುರುತು. ಪುಟ ತಿರುಗಿಸಿದೆ, ಅಲ್ಲಿಯೂ. ಮುಂದಿನದರಲ್ಲಿಯೂ. ಹೊಲಿಗೆಯ ಸಂದಿಯಲ್ಲಿ ಗುಲಾಬಿ ಬಣ್ಣದ ರಬ್ಬರಿನ ಪುಡಿ. 119ರಿಂದ 304ರವರೆಗೆ, ಅಂದರೆ ಪುಸ್ತಕದ ಕಡೆಯ ಪುಟದವರೆಗೆ.

ಅಂಗಡಿಯಲ್ಲಿ ನಾನು ಇದನ್ನು ಯಾಕೆ ಕಾಣಲಿಲ್ಲ? ಆ ದಿನ ನಾನು ಹುಡುಕಿದ್ದು ಗೆರೆಯನ್ನು. ಗೆರೆ ಇಲ್ಲದ ಪುಟವನ್ನು ನೋಡಬೇಕೆಂದು ಅವರು ನನಗೆ ಕಲಿಸಿರಲಿಲ್ಲ.

ಮನೆಗೆ ಬಂದು ನನ್ನದೇ ಪುಸ್ತಕದ ಒಂದು ಪುಟ ಅಳಿಸಿ ನೋಡಿದೆ. ಹಾಳೆ ಹರಿಯದಂತೆ ಅಳಿಸಲು ಎರಡು ನಿಮಿಷ ಬೇಕು. 186 ಪುಟಕ್ಕೆ ಆರು ಗಂಟೆ ಹನ್ನೆರಡು ನಿಮಿಷ. ಅಂಥವು ಮೂರು ಪುಸ್ತಕ, ನಡುವೆ ಇದ್ದದ್ದು ನಾಲ್ಕೇ ದಿನ. ನನ್ನ ಸಲುವಾಗಿ ಅಷ್ಟು ಹೊತ್ತು ಕುಳಿತು ಕೆಲಸ ಮಾಡಿದವರು ಅವರಿಗಿಂತ ಮೊದಲೂ ಯಾರೂ ಇರಲಿಲ್ಲ, ಆಮೇಲೂ ಇಲ್ಲ.

ಹದಿನೈದು ತಿಂಗಳು ನಾನು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ದಿನಾ ಎರಡು ಸಲ ಅದರ ಮುಂದೆಯೇ ಬಸ್ಸು ಹತ್ತಿ ಇಳಿದೆ. ಅವರೂ ಕರೆಯಲಿಲ್ಲ. ಎಷ್ಟು ಬಸ್ಸು ಬಂದವೆಂದು ಕೇಳಲೂ ಇಲ್ಲ.

ಕಡೆಯ ಪರೀಕ್ಷೆ ಮುಗಿದ ಮೇಲೆ, 29 ಏಪ್ರಿಲ್ 2002ರ ಸೋಮವಾರ, ನನ್ನ ಇತಿಹಾಸದ ಪುಸ್ತಕ ತೆಗೆದುಕೊಂಡು ಹೋದೆ. ಅವರು ಅದನ್ನು ಬೋರಲು ಹಾಕಿ ಹಿಂದಿನಿಂದ ತೆರೆದರು. ಬೆರಳು ಬಹಳ ದೂರ ಬಂದು ನಿಂತಿತು.

"ಇದೇನ ತಂಗಿ, ನೂರಾ ನಲವತ್ತಕ್ಕ ನಿಂತೈತಿ? ಮಾಸ್ತರು ಕೈ ಬಿಟ್ರೇನ?"

"ಮಾಸ್ತರು ಕಡೀ ಹಾಳಿ ತನಕಾ ಹೇಳಿದ್ರು ಕಾಕಾ. ನನ್ನ ಬಸ್ಸು ನಾಕೂ ಹತ್ತಕ್ಕ ಇತ್ತು."

ಮೂವತ್ತು ವರ್ಷ ಗೆರೆ ನೋಡಿ ಮಾಸ್ತರರ ಹಣೆಬರಹ ಹೇಳಿದವರಿಗೆ ಬಸ್ಸಿನ ವಿಚಾರ ಹೊಳೆದದ್ದು ಅವತ್ತೇ ಇರಬೇಕು. ಅಂಗಡಿ ಇದ್ದದ್ದು ಬಸ್ ಸ್ಟ್ಯಾಂಡಿನಲ್ಲಿಯೇ.

ನಾನು ಮೈಸೂರಿನ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟೆ. "ಇದರಾಗ ಎಷ್ಟಕ್ಕ ನಿಂತೈತಿ, ನೋಡಿ ಹೇಳ್ರಿ."

ಅವರು ಅದನ್ನು ಮುಟ್ಟಲಿಲ್ಲ. ಕೈ ಕೊರಳಿನ ದಾರಕ್ಕೆ ಹೋಯಿತು.

"ನಿಮ್ಮಪ್ಪ ಬಂದಿದ್ದ. ನೀ ಬರೂಕಿಂತ ಮದಲs ಬಂದು ಕುಂತಿದ್ದ. 'ನಾ ಬ್ಯಾಡ ಅಂದ್ರ ಜೀವಾ ಇರೂತನಾ ನನ್ನ ದೂರತಾಳ. ನಿನ್ನ ಗೆರಿ ನಂಬತಾಳ' ಅಂದಾ."

"ನೀವು ಹೂಂ ಅಂದ್ರಿ."

"ಅಂದೆ."

"ಹಂಗಾರ ಈಗ ನಾ ಯಾರನ್ನ ದೂರಲಿ?"

"ನನ್ನ ದೂರು. ನಾ ಹೊರಗಿನಾಂವ. ಹೊರಗಿನಾಂವನ್ನ ದೂರಿದ್ರ ಮನಿ ಒಡಿಯೂದಿಲ್ಲ." ನನ್ನ ಪುಸ್ತಕವನ್ನು ನನ್ನ ಕಡೆ ಸರಿಸಿ ಅಂದರು: "ಅಪ್ಪಗ ಏನೂ ಕೇಳಬ್ಯಾಡ, ತಲಾಟಿ."

ಬೇಡ ಅಂದಿದ್ದರೆ ನಾನು ಜಗಳ ಆಡುತ್ತಿದ್ದೆ. ಗೆಲ್ಲುತ್ತಿದ್ದೆನೋ, ಸೋಲುತ್ತಿದ್ದೆನೋ. ಅವರಿಬ್ಬರೂ ನನಗೆ ಜಗಳವನ್ನೂ ಬಿಡಲಿಲ್ಲ. ನನ್ನ ಲೆಕ್ಕವನ್ನೇ ನನ್ನ ಕೈಗೆ ಕೊಟ್ಟು, ನನ್ನ ಅಕ್ಷರದಲ್ಲಿಯೇ ಧಾರವಾಡ ಎಂದು ಬರೆಸಿದರು. ಎರಡೂ ಪುಸ್ತಕ ಎತ್ತಿಕೊಂಡು ಎದ್ದು ಬಂದೆ. ಅದೇ ಕಡೆಯ ಭೇಟಿ.

ಈಗ ನಾನು ನೇಸರಗಿಯ ಒಂದು ಶಾಲೆಯಲ್ಲಿ ಹಾಜರಿ, ದಾಖಲಾತಿ ಬರೆಯುತ್ತೇನೆ. 2004ರಲ್ಲಿ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕದ ತಗಡಿನ ಅಂಗಡಿಗಳನ್ನು ತೆಗೆಸಿದರು. ರುದ್ರಪ್ಪ ಕಾಕಾ ಸವದತ್ತಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ ಎಂದು ಒಬ್ಬರು ಹೇಳಿದರು. ಹೋದ ತಿಂಗಳು ಅಲ್ಲಿ ನಾಲ್ಕು ಕಡೆ ವಿಚಾರಿಸಿದೆ. ರಾಮದುರ್ಗಕ್ಕೆ ಹೋದರು ಅಂದವರು ಇಬ್ಬರು, ತೀರಿಕೊಂಡರು ಅಂದವರು ಒಬ್ಬರು, ಗೊತ್ತಿಲ್ಲ ಅಂದವರು ಒಬ್ಬರು. ಅಪ್ಪನನ್ನು ನಾನು ಇಂದಿಗೂ ಏನೂ ಕೇಳಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಓದಲಿ.

ಅವರ ಸುದ್ದಿ ತಿಳಿದವರು ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನೊಬ್ಬರನ್ನೂ ಕೇಳುವುದಿದೆ. ನನ್ನ ಹತ್ತಿರ ಇರುವ ಪುಸ್ತಕದ ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ "ಸುಮಿತ್ರಾ, ಎರಡನೇ ಬಿ.ಎ., ರೋಲ್ ನಂಬರ್ 47" ಎಂದಿದೆ. ಸುಮಿತ್ರಾ ಅವರೇ, 304ನೇ ಪುಟದವರೆಗೆ ಗೆರೆ ಹಾಕಿಸಿದವರು ನಿಮ್ಮ ಮೇಷ್ಟ್ರೋ, ಅಥವಾ ನೀವೊಬ್ಬರೇ ಕುಳಿತು ಓದಿ ಹಾಕಿಕೊಂಡದ್ದೋ? ನೀವೇ ಓದಿಕೊಂಡದ್ದಾದರೆ ರುದ್ರಪ್ಪ ಕಾಕಾ ಅಳಿಸಿದ್ದು ಬರೀ ಪೆನ್ಸಿಲ್ಲು, ಉಳಿದ ತಪ್ಪು ಗೆರೆಯನ್ನೇ ಸಾಕ್ಷಿ ಎಂದು ನಂಬಿದ ನನ್ನದು. ಮೇಷ್ಟ್ರೇ ಹಾಕಿಸಿದ್ದಾದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಆ ಲೆಕ್ಕಕ್ಕಾಗಿ ದಿನಚರಿಯಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ.