ಕೇರಳಕ್ಕೆ ಹೋಗಿ ಬಂದ ಸಿಸ್ಟರ್

ಭದ್ರಾವತಿಯ ನಮ್ಮ ಬೀದಿಯಲ್ಲಿದ್ದ ಸಿಸ್ಟರ್, ವಾಸಿಯಾಗದವರ ನೋವು ತಗ್ಗಿಸುವ ತರಬೇತಿಗೆಂದು ಆಸ್ಪತ್ರೆಗೆ ರಜೆ ಹಾಕಿ ಕೇರಳಕ್ಕೆ ಹೋಗಿ ಬಂದರು. ಆಮೇಲೆ ಯಾರ ಮನೆಗೆ ಹೋದರೂ ಮಂಚದ ತುದಿಯಲ್ಲಿ ಕೂತು, "ನಂಗೇನೂ ಅವಸರ ಇಲ್ಲ, ನೀವು ಹೇಳಿ," ಎನ್ನುತ್ತಿದ್ದರು.

ಅಪ್ಪನಿಗಿದ್ದದ್ದು ಕ್ಯಾನ್ಸರ್ ಎಂದು ಅಮ್ಮನಾಗಲಿ ನಾನಾಗಲಿ ಅವನಿಗೆ ಹೇಳಿರಲಿಲ್ಲ. ಔಷಧಿಯಿಂದ ನೋವು ಇಳಿದ ಮೇಲೆ ಒಂದು ಸಂಜೆ, ನಮ್ಮ ಮನೆಗೂ ಬರುತ್ತಿದ್ದ ಸಿಸ್ಟರ್ ಅವನನ್ನು, "ಕಾಯಿಲೆ ಬಗ್ಗೆ ನಿಮಗೇನನ್ಸುತ್ತೆ?" ಎಂದು ಕೇಳಿದರು.

"ಕ್ಯಾನ್ಸರ್ ಅಂತ ಗೊತ್ತು ಸಿಸ್ಟರ್. ನನ್ನ ಹೆಂಡ್ತಿಗೆ ಹೇಳ್ಬೇಡಿ, ತಡ್ಕೊಳ್ಳಲ್ಲ ಅವ್ಳು."

ಬಾಗಿಲಲ್ಲಿ ನಿಂತಿದ್ದ ಅಮ್ಮ, "ನಂಗೂ ಗೊತ್ತು ಕಣ್ರೀ," ಎಂದಳು.

ಸಿಸ್ಟರ್ ಎದ್ದು, ಅಮ್ಮನನ್ನು ಅಪ್ಪನ ಪಕ್ಕ ಕೂರಿಸಿ, ನನ್ನನ್ನು ಹೊರಗೆ ಕರೆತಂದರು. ಒಳಗೆ ಅಪ್ಪ ಅಳುವುದು ಕೇಳಿಸಿತು. ಒಳಗೆ ಓಡಲು ಹೊರಟ ನನ್ನ ಕೈಯನ್ನು ಅವರು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಮಾತಾಡತೊಡಗಿದರು.