ನೋಲ್ಫಾ ಒರೆಸಿದ ಚುಕ್ಕಿ

ಎಲ್ಕಿ ಕಣಿವೆಯ ದ್ರಾಕ್ಷಿ ಚಪ್ಪರಗಳಿಗೆ ಇನ್ನೂ ಬಿಸಿಲು ತಾಕಿಲ್ಲ. ನೋಲ್ಫಾ ಪಾಸ್ತೆನ್ ತಾರಸಿಯ ಮೇಲೆ ದೂರದರ್ಶಕದ ಇಬ್ಬನಿಯನ್ನು ಹಳೇ ಅಂಗಿಯಿಂದ ಒತ್ತಿ ತೆಗೆಯುತ್ತಿದ್ದಾರೆ. ಕೆಳಗೆ ಅವರ ಬಾಡಿಗೆ ಕಾರಿನ ಪಕ್ಕ ವಿಕುನ್ಯಾ ಪೇಟೆಗೆ ಹೊರಟವರು ಕಾಯುತ್ತಿದ್ದಾರೆ.

"ಇಳಿದು ಬಾರೇ! ನಕ್ಷತ್ರ ಎಣಿಸ್ತಾ ತಿರುವಿನಲ್ಲಿ ತೂಕಡಿಸಿದ್ರೆ ನಮ್ಮನ್ನೂ ಅಲ್ಲಿಗೇ ಕಳಿಸ್ತೀಯ" ಎಂದು ಕೂಗುವವರು ಊರ ಸಂಘದ ಅಧ್ಯಕ್ಷೆ, ಮುದುಕಿ ರೂದೆಸಿಂದಾ.

ಎದುರು ಬೆಟ್ಟದ ವೀಕ್ಷಣಾಲಯಕ್ಕೆ ದೇಶದೇಶದವರು ಬರುತ್ತಾರೆ. ಹಿತ್ತಲ ಗಿಡ ಮದ್ದಲ್ಲ, ನೋಲ್ಫಾರನ್ನು ಕೇಳುವವರಿಲ್ಲ. ಹಗಲು ಕಾರು ಓಡಿಸಿ ಉಳಿಸಿದ್ದರಲ್ಲಿ ಕೊಂಡ ಹಳೇ ದೂರದರ್ಶಕ. ಅದರ ಕಾಲು ಮುರಿದಾಗ ಚಪ್ಪರದ ಕಂಬವೇ ಆಸರೆ. ಅದರಲ್ಲೇ ತೆಗೆದ ಸುರುಳಿ ಗೆಲಾಕ್ಸಿಯ ಚಿತ್ರ ಈಗ ಸಂಘದ ಗೋಡೆಯ ಮೇಲಿದೆ. ಬರುವ ಶನಿವಾರ ಅದಕ್ಕಾಗಿ ಅವರಿಗೆ ಶಾಲು ಹೊದಿಸುತ್ತಾರೆ.

ಆ ಗೋಡೆಯ ಮುಂದೆ ನೋಲ್ಫಾ ತಲೆ ತಗ್ಗಿಸಿಯೇ ಹಾದುಹೋಗುತ್ತಾರೆ.

ದೂರದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ಬಿಸಿಯಾದರೆ ಆಕಾಶದಲ್ಲಿಲ್ಲದ ಚುಕ್ಕಿಗಳು ಚಿತ್ರದಲ್ಲಿ ಮೂಡುತ್ತವೆ. ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ಉಳಿದ ಚುಕ್ಕಿಗಳನ್ನು ಕಂಪ್ಯೂಟರಿನಲ್ಲಿ ಒರೆಸುವುದು ಅವರ ರೂಢಿ. ಸುರುಳಿಯ ಅಂಚಿನಲ್ಲಿದ್ದ ಒಂದನ್ನೂ ಹಾಗೇ ಒರೆಸಿದರು. ಜಾಗ ಸಾಲದೆಂದು ಮೂಲ ಚಿತ್ರಗಳನ್ನೂ ಅಳಿಸಿದರು. ವಾರ ಕಳೆಯುವಷ್ಟರಲ್ಲಿ ಸುದ್ದಿ ಬಂತು: ಸರಿಯಾಗಿ ಅದೇ ಜಾಗದಲ್ಲಿ ನಕ್ಷತ್ರವೊಂದು ಸಿಡಿದಿದೆ. ಮೊದಲು ಕಂಡವರೆಂಬ ಹೆಸರು ಬೇರೆ ಯಾರಿಗೋ ಹೋಯಿತು.

"ಒಂದು ನಕ್ಷತ್ರ ಸಾಯೋದು ಸಣ್ಣ ವಿಷಯಾನಾ? ನಾನು ಕೊಳೆ ಅಂತ ಒರೆಸ್ಬಿಟ್ಟೆ. ಹೆಸರು ಹೋಗಿದ್ದಕ್ಕಲ್ಲ, ಅದನ್ನ ಮುಚ್ಚಿಟ್ಟು ಶಾಲು ಹೊದೀಬೇಕಲ್ಲ, ಅದಕ್ಕೆ ನಾಚಿಕೆ" ಎಂದು ತನ್ನಷ್ಟಕ್ಕೇ ಗೊಣಗುತ್ತಾ ನೋಲ್ಫಾ ಮೆಟ್ಟಿಲಿಳಿಯುತ್ತಾರೆ.

ಕಾರು ಮೊದಲ ತಿರುವು ದಾಟುವಾಗ ಪಕ್ಕದಲ್ಲಿ ಕೂತ ರೂದೆಸಿಂದಾಗೆ ಎಲ್ಲವನ್ನೂ ಹೇಳಿಬಿಡುತ್ತಾರೆ. ಕಿವಿ ಕೆಂಪಾಗಿದೆ, ಕಣ್ಣು ರಸ್ತೆಯಿಂದ ಕದಲುವುದಿಲ್ಲ. ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿ ಕಿವಿಗೊಡುತ್ತಾರೆ.

"ಯಾರಿಗೆ ಗೊತ್ತಾಗತ್ತೆ ಬಿಡೇ! ಶಾಲು ನೇಯ್ದಾಗಿದೆ."

"ನಂಗೆ ಗೊತ್ತಲ್ಲ ಅಜ್ಜಿ. ಶಾಲು ಬೇಡ. ಚಿತ್ರದ ಕೆಳಗೆ ಒಂದು ಸಾಲು ಬರೆಸಿ, ಸಾಕು. ಇಲ್ಲೊಂದು ನಕ್ಷತ್ರ ಸಿಡಿದಿತ್ತು, ನೋಲ್ಫಾ ಒರೆಸಿದಳು ಅಂತ."

"ನಿನ್ನ ಮಾನ ನೀನೇ ಬೀದಿಗೆ ಹಾಕ್ತೀಯಾ?"

ನೋಲ್ಫಾ ಗೇರು ಬದಲಿಸುತ್ತಾರೆ.

"ಹಾಕ್ತೀನಿ. ಆದ್ರೂ ಅಜ್ಜಿ, ಒರೆಸ್ಬೇಕು ಅಂದ್ರೆ ಅದು ಮೊದಲು ನನ್ನ ಕಣ್ಣಿಗೆ ಬಿದ್ದಿರ್ಬೇಕಲ್ವಾ?"