ಕ್ಯಾಷಪ್ಪನ ಖಾತೆ

ಕೈವಾರದ ಪಿಳ್ಳಪ್ಪನ ಬಗ್ಗೆ ನಮ್ಮ ಕಡೆ ಒಂದು ಕಥೆ ಚಲಾವಣೆಯಲ್ಲಿದೆ. ಅವನು ಬುಕ್‌ಕೀಪಿಂಗ್ ಪರೀಕ್ಷೆಯಲ್ಲಿ ‘ಕ್ಯಾಷ್’ ಎಂದು ಬರೆಯಬೇಕಾದ ಕಡೆ ‘ಕ್ಯಾಷಪ್ಪ’ ಎಂದು ಬರೆದನಂತೆ. ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕು, ಪಾಪ ಹಳ್ಳಿಯವನೆಂದು ಪಾಸು ಮಾಡಿದರಂತೆ. ಮದುವೆಯ ಪಂಕ್ತಿಗಳಲ್ಲಿ ಇದನ್ನು ಹೇಳಿ ನಗಿಸುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಆ ಪರೀಕ್ಷೆಗೆ ಕುಳಿತವರಲ್ಲ. ನಾನು ಕುಳಿತವನು. ಪಿಳ್ಳಪ್ಪನ ಮೇಲೆ ನಾನು ಪಟ್ಟಷ್ಟು ಹೊಟ್ಟೆಕಿಚ್ಚನ್ನು ಬೇರೆ ಯಾರೂ ಪಟ್ಟಿಲ್ಲ. ಇಂದಿಗೂ ಅದು ಪೂರ್ತಿ ಆರಿಲ್ಲ. ಅಂಥವನನ್ನು ಈ ಜನ ಪೆದ್ದನನ್ನಾಗಿ ಮಾಡಿದರೆ, ಆ ಪೆದ್ದನ ಮುಂದೆ ಸೋತ ನಾನು ಏನಾದಂತಾಯಿತು? ಆದುದರಿಂದ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ಅವನು ನನ್ನ ಓರಗೆಯವನಾದ್ದರಿಂದ ಏಕವಚನವನ್ನೇ ಬಳಸಿದ್ದೇನೆ.

೧೯೫೭ರಲ್ಲಿ ನಾವಿಬ್ಬರೂ ಚಿಂತಾಮಣಿಯ ಒಂದು ಮಾರಾಟ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದೆವು. ಕಡಲೆಕಾಯಿ, ಬೆಲ್ಲ, ಹುಣಸೆಹಣ್ಣು ಸಂಘದ ವ್ಯವಹಾರ. ನಾನು ಎಸ್.ಎಸ್.ಎಲ್.ಸಿ.ಯನ್ನು ಮೊದಲ ಸಲವೇ ಮುಗಿಸಿದವನು. ನನ್ನ ಇಂಗ್ಲಿಷ್ ಬರವಣಿಗೆ ಅಚ್ಚು ಹಾಕಿದಂತಿದೆ ಎಂದು ಲೆಕ್ಕ ತನಿಖೆಗೆ ಬಂದ ಅಧಿಕಾರಿಗಳಿಂದಲೇ ಹೇಳಿಸಿಕೊಂಡವನು. ಪಿಳ್ಳಪ್ಪ ಅದೇ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ದಾಟಿದವನು. ಅವನ ಮನೆಯವರು ಕೈವಾರದಲ್ಲಿ ತಲೆತಲಾಂತರದಿಂದ ಜಮೀನು ಮಾಡಿಕೊಂಡಿದ್ದವರು. ಅವನಿಗೆ ಗೊತ್ತಿದ್ದ ಲೆಕ್ಕವೆಂದರೆ ಮಂಡಿಯಲ್ಲಿ ಕುಳಿತು ಕಲಿತ ಜಮಾ-ಖರ್ಚು ಒಂದೇ.

ಸಂಘದ ಹಳೆಯ ಅಕೌಂಟೆಂಟರು ನಿವೃತ್ತರಾಗುವ ಕಾಲ ಬಂದಾಗ, ಅಧ್ಯಕ್ಷರಾದ ಚೆನ್ನರಾಯಪ್ಪನವರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

“ನೋಡ್ರಪ್ಪಾ, ಇಬ್ಬರೂ ನಮ್ಮೋರೇ. ಒಬ್ಬನಿಗೆ ಕೊಟ್ರೆ ಇನ್ನೊಬ್ಬ ಮೊಕ ಊದಿಸ್ಕೊಂಡು ಕೂತ್ಕೋತಾನೆ. ಸರ್ಕಾರದ ಬುಕ್‌ಕೀಪಿಂಗ್ ಸೀನಿಯರ್ ಪರೀಕ್ಷೆ ಕಟ್ರಿ. ಯಾರಿಗೆ ಮಾರ್ಕು ಜಾಸ್ತಿಯೋ ಅವರದು ಕುರ್ಚಿ. ಆಮೇಲೆ ನನ್ನ ಹತ್ರ ಬಂದು ಯಾರೂ ಅಳಂಗಿಲ್ಲ, ಸರೇನಾ?”

ಕುರ್ಚಿ ನನ್ನದೆಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ನನ್ನ ತಾಯಿ ಮುನಿಗಂಗಮ್ಮನವರು ಅಂದು ಸಂಜೆಯೊಳಗೆ ಬೀದಿಗೆಲ್ಲ ಸಾರಿದರು. ಹೆಣ್ಣು ಕೊಡಲು ಹಿಂದುಮುಂದು ನೋಡುತ್ತಿದ್ದ ಶಿಡ್ಲಘಟ್ಟದ ಮನೆಯೊಂದಕ್ಕೆ “ನಮ್ಮ ಚನ್ನಕೇಶವ ಇನ್ನು ಅಕೌಂಟೆಂಟು” ಎಂಬ ಮಾತು ಆ ವಾರದಲ್ಲಿಯೇ ತಲುಪಿತು.

ಪರೀಕ್ಷೆಗೆ ಪಾಠ ಹೇಳುತ್ತಿದ್ದವರು ವೆಂಕಟರವಣಪ್ಪ ಮೇಷ್ಟ್ರು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕಾಮರ್ಸ್ ಇನ್‌ಸ್ಟಿಟ್ಯೂಟ್. ಒಂದು ಮೂಲೆಯಲ್ಲಿ ಟೈಪ್‌ರೈಟರುಗಳ ಗದ್ದಲ, ಇನ್ನೊಂದು ಮೂಲೆಯಲ್ಲಿ ನಮ್ಮ ಜರ್ನಲ್ಲು, ಲೆಡ್ಜರು. ಮೊದಲ ತಿಂಗಳು ಪಿಳ್ಳಪ್ಪನ ಪಾಡು ನೋಡುವುದು ನನಗೆ ಸುಖವಾಗಿತ್ತು. ಇದಕ್ಕೆ ಕಾರಣವನ್ನು ಸ್ವಲ್ಪ ವಿವರಿಸಬೇಕು.

ಮಂಡಿಯ ಲೆಕ್ಕದಲ್ಲಿ ಹಣ ಬಂದರೆ ಜಮಾ, ಹೋದರೆ ಖರ್ಚು. ಜಮಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ಕ್ರೆಡಿಟ್ ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿಯೂ ಹಾಗೆಯೇ ಇರುತ್ತದೆ. ಆದರೆ ಇಂಗ್ಲಿಷ್ ಪದ್ಧತಿಯಲ್ಲಿ ನಮ್ಮ ಪೆಟ್ಟಿಗೆಗೆ ನಗದು ಬಂದರೆ ನಗದು ಖಾತೆಗೆ ಹಾಕಬೇಕಾದದ್ದು ಡೆಬಿಟ್. ಖಾತೆಯ ಎಡ ಮಗ್ಗುಲು ಡೆಬಿಟ್ಟಿಗೆ, ಬಲ ಮಗ್ಗುಲು ಕ್ರೆಡಿಟ್ಟಿಗೆ. ಜಮಾ-ಖರ್ಚಿನಲ್ಲಿ ಕೈ ಪಳಗಿದವರು ಇಲ್ಲಿಯೇ ಮುಗ್ಗರಿಸುತ್ತಿದ್ದರು. ಕೋಲಾರ ಜಿಲ್ಲೆಯ ಮಂಡಿ ಗುಮಾಸ್ತರು ಈ ಒಂದು ತಪ್ಪಿನಿಂದಲೇ ಗುಂಪುಗುಂಪಾಗಿ ಫೇಲಾಗುತ್ತಾರೆ ಎಂದು ಮೇಷ್ಟ್ರು ಹೇಳುತ್ತಿದ್ದರು. ನನಗೆ ಮಂಡಿಯ ಲೆಕ್ಕ ಬರುತ್ತಿರಲಿಲ್ಲವಾದ್ದರಿಂದ ಈ ತೊಡಕು ಬರಲಿಲ್ಲ. ಪಿಳ್ಳಪ್ಪ ದಿನವೂ ಮುಗ್ಗರಿಸಿದ.

“ಏನಪ್ಪಾ ಪಿಳ್ಳಪ್ಪ, ಎರ್ರಪ್ಪ ಅನ್ನೋನು ದುಡ್ಡು ತಂದುಕೊಟ್ಟ. ನಗದು ಖಾತೆಗೆ ಏನು ಹಾಕ್ದೆ?”

“ಬಂತಲ್ಲ ಮೇಷ್ಟ್ರೆ, ಜಮಾ. ಕ್ರೆಡಿಟ್ಟು.”

“ನಿನ್ನ ತಲೆಗೆ ಕ್ರೆಡಿಟ್ಟು! ಚನ್ನಕೇಶವ, ನೀನು ಹೇಳಪ್ಪ.”

ನಾನು ಹೇಳುತ್ತಿದ್ದೆ. ಪಿಳ್ಳಪ್ಪ ನನ್ನ ಬಾಯನ್ನೇ ನೋಡುತ್ತಿದ್ದ.

ಎರಡನೆಯ ತಿಂಗಳು ಅವನು ಒಂದು ದಾರಿ ಹುಡುಕಿಕೊಂಡ. ನಮ್ಮ ಕಡೆ ಯಾವ ಹೆಸರನ್ನೂ ಬೋಳಾಗಿ ಕರೆಯುವ ಪದ್ಧತಿಯಿಲ್ಲ. ತೊಟ್ಟಿಲ ಕೂಸಿಗೂ ಅಪ್ಪ, ಅಮ್ಮ ಸೇರಿಸಿಯೇ ಮಾತು. ಪಿಳ್ಳಪ್ಪ ಖಾತೆಗಳಿಗೂ ಅದನ್ನೇ ಮಾಡಿದ. ನಗದು ಖಾತೆ ಕ್ಯಾಷಪ್ಪನಾಯಿತು, ಬಾಡಿಗೆ ಖಾತೆ ಬಾಡಿಗಮ್ಮ, ಸರಕಿನ ಖಾತೆ ಸರಕಪ್ಪ. ಹೆಸರು ಬಂದ ಮೇಲೆ ಅವರು ಮನುಷ್ಯರಾದರು. ಮನುಷ್ಯರೆಂದ ಮೇಲೆ ಕೊಡುವವರು, ತೆಗೆದುಕೊಳ್ಳುವವರು ಎರಡೇ ಜಾತಿ. ಒಂದು ಸಂಜೆ ಮೇಷ್ಟ್ರು ಅದೇ ಪ್ರಶ್ನೆ ಕೇಳಿದಾಗ ಅವನು ಎದ್ದು ನಿಂತು ಹೀಗೆ ಹೇಳಿದ:

“ಎರ್ರಪ್ಪ ಕೊಟ್ಟ, ಕ್ಯಾಷಪ್ಪ ತಗೊಂಡ. ಕೊಡೋದು ಬಲಗೈಲಿ. ಅದಕ್ಕೆ ಎರ್ರಪ್ಪ ಬಲಕ್ಕೆ, ಕ್ರೆಡಿಟ್ಟು. ತಗೊಂಡ ಕ್ಯಾಷಪ್ಪ ಎಡಕ್ಕೆ, ಡೆಬಿಟ್ಟು.”

“ಅಲ್ಲಪ್ಪಾ, ಎಡಗೈಲಿ ತಗೋತಾನಾ ನಿನ್ನ ಕ್ಯಾಷಪ್ಪ? ಮರ್ಯಾದೆ ಬೇಡವಾ ಅವನಿಗೆ?”

“ಇದು ಇಂಗ್ಲೀಷರ ಲೆಕ್ಕ ಅಲ್ವಾ ಮೇಷ್ಟ್ರೆ. ಅವರಿಗೆ ಎಡಗೈ ಬಲಗೈ ಭೇದ ಎಲ್ಲಿದೆ?”

ಟೈಪು ಮಾಡುತ್ತಿದ್ದವರೂ ಕೈ ನಿಲ್ಲಿಸಿ ನಕ್ಕರು. ಮೇಷ್ಟ್ರು ಅವನನ್ನು ಕೆಣಕಲು ಸವಕಳಿಯ ಲೆಕ್ಕ ಕೊಟ್ಟರು. ತಕ್ಕಡಿ ಸವೆದು ಬೆಲೆ ಇಳಿದಿದೆ, ಇಲ್ಲಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು? ಪಿಳ್ಳಪ್ಪ ಒಂದು ಕ್ಷಣ ಯೋಚಿಸಿ, “ತಕ್ಕಡಿಯಮ್ಮ ಪಾಪ ತನ್ನ ಮೈಯನ್ನೇ ಕೊಟ್ಲು, ಸವಕಳಿಯಪ್ಪ ತಿಂದುಕೊಂಡ” ಎಂದ. ಉತ್ತರ ಸರಿ. ಆ ಲೆಕ್ಕವನ್ನು ನಾನು ನಿಯಮ ಬಾಯಿಪಾಠ ಮಾಡಿ ಕಲಿತಿದ್ದೆ. ಅವನು ತಕ್ಕಡಿಯ ಮುಖ ನೋಡಿ ಹೇಳಿದ. ನನಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆ ಸಂಜೆ. ಮೇಷ್ಟ್ರು ಅಂದಿನಿಂದ ನನ್ನನ್ನು ಮೊದಲು ಕೇಳುವುದನ್ನು ಬಿಟ್ಟರು. ಅದನ್ನು ನಾನು ಗಮನಿಸದೆ ಇರಲಿಲ್ಲ.

ಕಿಚ್ಚು ನನಗೊಬ್ಬನಿಗೇ ಬಿದ್ದದ್ದಲ್ಲ. ಒಂದು ದಿನ ಪಿಳ್ಳಪ್ಪನ ಹೆಂಡತಿ ಅಶ್ವತ್ಥಮ್ಮ ಬುತ್ತಿ ಕೊಡುವ ನೆಪದಲ್ಲಿ ಕೈವಾರದ ಬಸ್ಸಿನಿಂದ ಇಳಿದು ನೇರವಾಗಿ ಸಂಘದ ಜಗಲಿಗೆ ಬಂದರು. ಅವನು ಗೋದಾಮಿನಲ್ಲಿದ್ದ; ಅವರಿಗೆ ಸಿಕ್ಕಿದವನು ನಾನು.

“ಕೇಶವಪ್ಪಣ್ಣ, ದೇವರಾಣೆ ನಿಜ ಹೇಳ್ಬೇಕು. ಯಾರಣ್ಣ ಅವಳು ಬಾಡಿಗಮ್ಮ?”

“ಯಾವ ಬಾಡಿಗಮ್ಮ?”

“ನಿದ್ದೇಲಿ ಕನವರಿಸ್ತಾರೆ. ಬಾಡಿಗಮ್ಮ ತಗೊಂಡ್ಲು, ಬಾಡಿಗಮ್ಮ ತಗೊಂಡ್ಲು ಅಂತ. ಏನು ತಗೊಂಡ್ಲು? ನಮ್ಮತ್ತೆಗೂ ಕೇಳಿ ಕೇಳಿ ಸಾಕಾಗಿದೆ. ಚಿಂತಾಮಣೀಲಿ ಮನೆ ಮಾಡಿದ್ದಾರಾ?”

ಅಷ್ಟರಲ್ಲಿ ಪಿಳ್ಳಪ್ಪ ಬಂದ. ವಿಷಯ ತಿಳಿದು, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಖಾತೆ ಗೀಚಿ ಹೆಂಡತಿಗೆ ಬಾಡಿಗಮ್ಮನ ಕುಲಗೋತ್ರ ವಿವರಿಸಿದ. ಆಕೆ ಸಮಾಧಾನಗೊಂಡಂತೆ ಕಾಣಲಿಲ್ಲ.

“ಬರೀ ತಗೊಳ್ಳೋದೇ ಅವಳ ಕಸುಬಾ? ಎಂದಾದ್ರೂ ಕೊಡ್ತಾಳಾ?”

“ವರ್ಷದ ಕೊನೇಲಿ ಎಲ್ಲಾ ಕೊಟ್ಟು ಖಾಲಿ ಆಗ್ತಾಳೆ ಕಣೇ. ಲಾಭ-ನಷ್ಟದ ಖಾತೆಗೆ.”

“ಹಂಗಾದ್ರೆ ಸರಿ. ವರ್ಷಕ್ಕಿಂತ ಜಾಸ್ತಿ ಇಟ್ಕೋಬೇಡಿ.”

ಆಕೆ ತಮಾಷೆಗೆ ಹೇಳಿದರೋ ನಿಜವಾಗಿಯೋ ನನಗೆ ಗೊತ್ತಿಲ್ಲ. ಆದರೆ ವರ್ಷಾಂತ್ಯದಲ್ಲಿ ಯಾವ ಖಾತೆ ಮುಚ್ಚುತ್ತದೆ, ಯಾವುದು ಮುಂದಿನ ವರ್ಷಕ್ಕೆ ಹೋಗುತ್ತದೆ ಎಂಬುದು ಪಿಳ್ಳಪ್ಪನಿಗೆ ಆಮೇಲೆ ಎಂದೂ ತಪ್ಪಲಿಲ್ಲ. ನನಗೆ ಆಗ ಮದುವೆಯಾಗಿರಲಿಲ್ಲ. ನನ್ನ ಪಾಠ ಒಪ್ಪಿಸಿಕೊಳ್ಳಲು, ಜಗಳವಾಡಿಯಾದರೂ ಒಪ್ಪಿಸಿಕೊಳ್ಳಲು, ಯಾರೂ ಇರಲಿಲ್ಲ. ಈ ಅನುಕೂಲವೂ ಅವನಿಗೇ.

ಪರೀಕ್ಷೆ ನಡೆದದ್ದು ೧೯೫೮ರಲ್ಲಿ, ಚಿಕ್ಕಬಳ್ಳಾಪುರದ ಕೇಂದ್ರದಲ್ಲಿ. ೧೯೬೦ ಎಂದು ಹೇಳುವವರು ತಪ್ಪು ಹೇಳುತ್ತಾರೆ. ನಾವು ಹೋದದ್ದು ಸಣ್ಣ ರೈಲಿನಲ್ಲಿ. ಕೊನೆಯ ಲೆಕ್ಕ ದೊಡ್ಡದು: ವ್ಯಾಪಾರಿಯೊಬ್ಬನ ವ್ಯವಹಾರಗಳನ್ನೆಲ್ಲ ಜರ್ನಲ್ಲಿಗೆ ಬರೆದು, ಖಾತೆಗಳಿಗೆ ಹಾಕಿ, ಎಡಬಲದ ಮೊತ್ತಗಳು ತಾಳೆಯಾಗುವುದನ್ನು ತೋರಿಸಬೇಕು. ನನ್ನದು ತಾಳೆಯಾಗಲಿಲ್ಲ. ಗಿರಾಕಿಗಳು ಹಿಂದಿರುಗಿಸಿದ ಸರಕನ್ನು ನಾನು ತಪ್ಪು ಮಗ್ಗುಲಿಗೆ ಹಾಕಿದ್ದೆ. ಅದು ಹೊರಗೆ ಬಂದ ಮೇಲೆ ಹೊಳೆಯಿತು. ವ್ಯತ್ಯಾಸವನ್ನು, ತಪ್ಪು ಸಿಗುವವರೆಗೆ ತಾತ್ಕಾಲಿಕವಾಗಿ ಇಟ್ಟಿರುವ ಅನಾಮತ್ತು ಖಾತೆಗೆ ಸೇರಿಸಿ ಮುಗಿಸಿದೆ. ಹಾಗೆ ಮಾಡಲು ಶಾಸ್ತ್ರದಲ್ಲಿ ಅವಕಾಶವಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಹಿಂದಿರುಗುವಾಗ ರೈಲಿನಲ್ಲಿ ಪಿಳ್ಳಪ್ಪ ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡ.

“ಅಯ್ಯೋ ಕೇಶವಪ್ಪ, ಕೆಟ್ಟೆ ಕಣಪ್ಪ! ಕೊನೇ ಲೆಕ್ಕದಲ್ಲಿ ಕ್ಯಾಷ್ ಅಕೌಂಟ್ ಅಂತ ಬರೀಲೇ ಇಲ್ಲ. ಉದ್ದಕ್ಕೂ ಕ್ಯಾಷಪ್ಪ ಅಕೌಂಟ್ ಅಂತ ಬರ್ದುಬಿಟ್ಟೆ. ಇಂಗ್ಲೀಷಲ್ಲಿ!”

“ಬಾಡಿಗಮ್ಮ?”

“ಬಾಡಿಗಮ್ಮನ್ನ ಬಿಟ್ಟೆ. ಅವಳ ಹೆಸರು ಬರೆಯೋವಾಗ ಅಶ್ವತ್ಥಮ್ಮನ ನೆಪ್ಪಾಯ್ತು, ಹುಷಾರಾದೆ. ಇವನು ಗಂಡಸು, ನುಗ್ಗಿಬಿಟ್ಟ.”

ಎದುರು ಸೀಟಿನವರು ನಕ್ಕರು. ನಾನು ನಗಲಿಲ್ಲ, ನಗುವ ಅಗತ್ಯ ನನಗಿರಲಿಲ್ಲ. ಕುರ್ಚಿ ನನ್ನ ಕಡೆ ತಿರುಗಿದ್ದು ನನಗೆ ಕಾಣಿಸುತ್ತಿತ್ತು. ಶಿಡ್ಲಘಟ್ಟದ ನಿಲ್ದಾಣ ಬಂದಾಗ, ಹೆಣ್ಣಿನ ಮನೆ ಇದ್ದ ದಿಕ್ಕಿಗೆ ಒಮ್ಮೆ ನೋಡಿದೆ.

ಫಲಿತಾಂಶಕ್ಕೆ ಕಾಯುತ್ತಿದ್ದಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಾನು ಅವನ ತಪ್ಪನ್ನು ಮತ್ತೊಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದೆ, ಅದೊಂದು ಅಭ್ಯಾಸವಾಗಿಬಿಟ್ಟಿತ್ತು. ಆಗ ಬೇಡದ ಒಂದು ವಿಷಯ ಹೊಳೆಯಿತು. ಪರೀಕ್ಷಕರು ಕ್ಯಾಷಪ್ಪ ಎಂದರೆ ಕ್ಯಾಷ್ ಎಂದು ತಿಳಿದರೆ ಸರಿಯೇ. ಹಾಗೆ ತಿಳಿಯದೆ, ಯಾರೋ ಕ್ಯಾಷಪ್ಪ ಎಂಬ ಹೆಸರಿನ ಸಾಹುಕಾರರೆಂದೇ ತಿಳಿದರೂ ಸರಿಯೇ! ಮನುಷ್ಯನ ಖಾತೆಯಾದರೆ ನಿಯಮ ಏನು? ತೆಗೆದುಕೊಂಡವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ಪಿಳ್ಳಪ್ಪ ಮಾಡಿದ್ದೂ ಅದನ್ನೇ. ಹೆಸರು ತಪ್ಪಿದರೂ ಮಗ್ಗುಲು ತಪ್ಪಿಲ್ಲ, ಮೊತ್ತ ತಪ್ಪಿಲ್ಲ, ಎಡಬಲ ತಾಳೆಯಾಗಿಯೇ ಆಗುತ್ತದೆ. ನನ್ನ ಲೆಕ್ಕದಲ್ಲಿ ಹೆಸರುಗಳೆಲ್ಲ ಸರಿಯಾಗಿದ್ದವು, ಅಚ್ಚಿನಂಥ ಅಕ್ಷರದಲ್ಲಿದ್ದವು, ತಾಳೆಯಾಗಿರಲಿಲ್ಲ. ಬಾಯಲ್ಲಿದ್ದ ಬೇವಿನಕಡ್ಡಿ ಅಂದು ಬೇರೆ ದಿನಗಳಿಗಿಂತ ಕಹಿಯಾಗಿತ್ತು.

ಅಂಕಪಟ್ಟಿಗಳು ಬಂದವು. ಪಿಳ್ಳಪ್ಪನಿಗೆ ಎಪ್ಪತ್ತೊಂದು, ಪ್ರಥಮ ದರ್ಜೆ. ನನಗೆ ಐವತ್ತೆಂಟು. ಇಬ್ಬರೂ ಉತ್ತೀರ್ಣರು. ಪರೀಕ್ಷಕರು ನಕ್ಕರೆಂಬುದಕ್ಕೂ, ಮರುಗಿದರೆಂಬುದಕ್ಕೂ ಯಾವ ಆಧಾರವೂ ಇಲ್ಲ. ಮರುಕಪಟ್ಟು ಪಾಸು ಮಾಡುವವರು ಎಪ್ಪತ್ತೊಂದು ಕೊಡುವುದಿಲ್ಲ.

ಆಡಳಿತ ಮಂಡಳಿಯ ಸಭೆಯಲ್ಲಿ ಚೆನ್ನರಾಯಪ್ಪನವರು ಅವನಿಗೆ ನೇಮಕದ ಆದೇಶ ಕೊಟ್ಟರು. ಕ್ಯಾಷಪ್ಪನ ವಿಷಯವನ್ನು ಅವರೆಲ್ಲರ ಮುಂದೆ ಹೇಳಿದವನು ಸ್ವತಃ ಪಿಳ್ಳಪ್ಪನೇ.

“ಯಾರಪ್ಪಾ ಅವನು ಕ್ಯಾಷಪ್ಪ, ನಿಮ್ಮ ಕೈವಾರದೋನಾ?” ಎಂದರು ಅಧ್ಯಕ್ಷರು.

“ಎಲ್ಲಾ ಊರಲ್ಲೂ ಅವನದೇ ಯಜಮಾನಿಕೆ ಅಲ್ವಾ ಸ್ವಾಮಿ” ಎಂದ ಅವನು.

ಸಭೆಯೆಲ್ಲ ನಕ್ಕಿತು. ಈಗ ಊರೂರಲ್ಲಿ ತಿರುಗುತ್ತಿರುವ ಕಥೆ ಹುಟ್ಟಿದ್ದು ಅಲ್ಲಿ. ನಗುವಷ್ಟು ಉಳಿಯಿತು, ಅಂಕ ಬಿಟ್ಟುಹೋಯಿತು. ತನ್ನ ತಪ್ಪನ್ನು ಅವನೇ ಹೀಗೆ ಹಂಚಿಬಿಟ್ಟ ಮೇಲೆ ಅವನ ಮೇಲೆ ಹೊರಿಸಲು ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ.

ಶಿಡ್ಲಘಟ್ಟದ ಮನೆಯವರು ಮತ್ತೆ ಮಾತೆತ್ತಲಿಲ್ಲ. ಅದಕ್ಕೆ ಇದೇ ಕಾರಣವೆಂದು ನಾನು ಸಾಧಿಸಲಾರೆ. ಮತ್ತೊಮ್ಮೆ ಪರೀಕ್ಷೆಗೆ ಕುಳಿತು ಅವನನ್ನು ಮೀರಿಸುವ ಯೋಚನೆ ಬಂದು ಇಲಾಖೆಗೆ ಬರೆದು ಕೇಳಿದೆ. ಉತ್ತೀರ್ಣನಾದವನು ಅದೇ ಪರೀಕ್ಷೆಗೆ ಮತ್ತೆ ಕೂರುವಂತಿಲ್ಲ ಎಂದು ಉತ್ತರ ಬಂತು. ಫೇಲಾಗಿದ್ದರೆ ಅವಕಾಶವಿರುತ್ತಿತ್ತು. ಹೀಗೆ ಮೂರು ವರ್ಷ ಅವನ ಕೈಕೆಳಗೆ ದುಡಿದೆ. ಅವನು ನನ್ನೊಡನೆ ಒಂದು ದಿನವೂ ಬಿರುಸಾಗಿ ಮಾತನಾಡಲಿಲ್ಲ. ಬಿರುಸಾಗಿ ಮಾತನಾಡುವ ಮೇಲಧಿಕಾರಿಯನ್ನು ದ್ವೇಷಿಸಬಹುದು. ಇವನ ಕೆಳಗೆ ಆ ನೆಮ್ಮದಿಯೂ ಇರಲಿಲ್ಲ.

೧೯೬೧ರಲ್ಲಿ ಗೌರಿಬಿದನೂರಿನ ಸಂಘವೊಂದರಲ್ಲಿ ಅಕೌಂಟೆಂಟರ ಹುದ್ದೆ ತೆರವಾಯಿತು. ನನಗೆ ಸಿಕ್ಕಿತು. ಕುರ್ಚಿ ಕುರ್ಚಿಯೇ, ಸಂಬಳವೂ ಅಷ್ಟೇ; ಆದರೆ ನಾನು ಕೇಳಿದ್ದ ಕುರ್ಚಿ ಅದಲ್ಲ. ಹೊರಡುವ ದಿನ ಪಿಳ್ಳಪ್ಪ ನನ್ನ ಟ್ರಂಕನ್ನು ತಾನೇ ಹೊತ್ತು ಬಸ್ಸಿನವರೆಗೆ ಬಂದ.

“ಕೇಶವಪ್ಪ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚಿತ್ತಲ್ವಾ?”

“ಇತ್ತು. ಇದೆ” ಎಂದೆ.

“ಹಂಗೇ ಇರಲಿ ಬಿಡು. ನನಗೂ ಇತ್ತು ಕಣಪ್ಪ. ಮೇಷ್ಟ್ರು ನಿನ್ನ ಕೇಳಿದಾಗೆಲ್ಲ ಪಟ್ ಅಂತ ಹೇಳ್ತಿದ್ಯಲ್ಲ, ಮೈಯೆಲ್ಲ ಉರಿಯೋದು. ಆ ಉರೀಲಿ ನಿದ್ದೆ ಬರ್ತಿರಲಿಲ್ಲ. ಎದ್ದು ಓದ್ತಿದ್ದೆ. ನೀನಿಲ್ದಿದ್ರೆ ನಾನೆಲ್ಲಿ ಪಾಸಾಗ್ತಿದ್ದೆ?”

ಕಂಡಕ್ಟರು ಶಿಳ್ಳೆ ಹಾಕಿದ. ನಾನು ಹತ್ತಿ ಕುಳಿತೆ. ಪಿಳ್ಳಪ್ಪ ಕಿಟಕಿಯ ಕೆಳಗೆ ನಿಂತು, “ಭಾನುವಾರ ಬಾರಪ್ಪ, ಅಶ್ವತ್ಥಮ್ಮ ಅವರೆಕಾಳು ಸಾರು ಮಾಡ್ತಾಳೆ” ಎಂದು ಕೂಗುತ್ತಿದ್ದ. ನಾನು ತಲೆಯಾಡಿಸಿದೆ. ಬಸ್ಸು ಊರು ದಾಟಿದ ಮೇಲೂ ಅವನ ಮಾತು ನನ್ನನ್ನು ಬಿಡಲಿಲ್ಲ. ಇಬ್ಬರಿಗೂ ಕಿಚ್ಚು ಹತ್ತಿತ್ತು. ಅವನು ಅದರ ಬೆಳಕಿನಲ್ಲಿ ಓದಿಕೊಂಡ. ನಾನು ಅವನು ಓದುವುದನ್ನು ನೋಡುತ್ತಾ ಕುಳಿತೆ. ಹೊಟ್ಟೆಕಿಚ್ಚು ಪಡುವುದರಲ್ಲಿಯೂ ಅವನಿಗೇ ಪ್ರಥಮ ದರ್ಜೆ.